ತಲೆಯ ಒಂದನ್ನು ಬಾಲಕ್ಕಿಟ್ಟರೆ

ಸಾಗರ,
ಭಾನುವಾರ

ಪ್ರೀತಿಯ ಪುಟ್ಟಿಗೆ ಅಜ್ಜನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದೆ. ತೋಟಕ್ಕೆ ಇನ್ನೊಂದು ಸಲ ಕೊಳೆ ಔಷಧಿ ಹೊಡೆಸಬೇಕು, ಕೊನೆಗಾರ ಹೊಳವಾಗಲಿ ಎಂದು ಕಾಯುತ್ತಿದ್ದಾನೆ. ಹಾಗಾಗಿ ನನಗೆ ಕೂತು ಬರೆಯುವುದಕ್ಕೆ ಬೇಕಾದಷ್ಟು ಪುರುಸೊತ್ತು.

ನಿನ್ನ ಪಟ್ಟಿ ತಲುಪಿತು. ಫೋನಿನಲ್ಲಿ ಅಷ್ಟು ಸಣ್ಣ ಅಂಕಿ ಓದಲು ನನ್ನ ಕಣ್ಣಿಗೆ ಆಗದೆಂದು ನಿನ್ನ ಮಾವ ಪೇಟೆಗೆ ಹೋದಾಗ ಪ್ರಿಂಟ್ ತೆಗೆಸಿ ತಂದುಕೊಟ್ಟ. ಒಂದರಿಂದ ಸಾವಿರದವರೆಗೆ ಪ್ರತಿ ಸಂಖ್ಯೆಯನ್ನೂ ಬೈನರಿಗೆ ಇಳಿಸಿ, ಅದರ ಸೊನ್ನೆ-ಒಂದುಗಳನ್ನು ಬೇರೆಬೇರೆ ಬಗೆಯಲ್ಲಿ ಅದಲುಬದಲು ಮಾಡಿ, ಮತ್ತೆ ನಮ್ಮ ಮಾಮೂಲಿ ಸಂಖ್ಯೆಗೆ ತಂದು ಕಾಲಮ್ಮುಗಳಲ್ಲಿ ಜೋಡಿಸಿದ್ದೀಯ. ಪ್ರೋಗ್ರಾಮು ಬರೆದದ್ದು ನೀನೇ ಎಂದು ನಿನ್ನಮ್ಮ ಹೇಳಿದಳು. ಕೆಳಗೆ ನಿನ್ನದೊಂದು ಪ್ರಶ್ನೆ: 'ಮಾಡಿದ್ದೇನೋ ಆಯ್ತು ಅಜ್ಜ, ಇದರಿಂದ ಏನು?'

ಏನೂ ಇಲ್ಲದಿರಬಹುದು, ಕೂಸೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮನಸ್ಸಿಗೆ ಬಂದ ಒಂದು ನಿಯಮ ಹಾಕಿದರೆ ಒಂದು ಸಾಲು ಸಂಖ್ಯೆಗಳು ಹುಟ್ಟಿಯೇ ಹುಟ್ಟುತ್ತವೆ. ಕಂಪ್ಯೂಟರಿಗೆ ಅದೊಂದು ಶ್ರಮವೇ ಅಲ್ಲ. ಅಂಥ ಸಾಲುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯುವುದಕ್ಕೆ ನಾನು ಬಹಳ ವರ್ಷದಿಂದ ಒಂದೇ ಪರೀಕ್ಷೆ ಮಾಡುತ್ತೇನೆ. ಅದೇ ಸಾಲು, ಬೈನರಿಯ ಗಂಧವೇ ಇಲ್ಲದ ಬೇರೆ ಯಾವುದಾದರೂ ದಾರಿಯಲ್ಲೂ ಬರುತ್ತದೆಯೇ? ಬಂದರೆ ಆ ಎರಡು ದಾರಿಗಳ ನಡುವೆ ಏನೋ ಕೂತಿದೆ ಎಂದರ್ಥ. ಬರದಿದ್ದರೆ, ಮಾಡಿದ ಖುಷಿಗೆ ಇಟ್ಟುಕೋ.

ನಿನ್ನ ಎರಡನೇ ಕಾಲಮ್ಮನ್ನೇ ನೋಡು. ಅಲ್ಲಿ ನೀನು ಮಾಡಿದ್ದು ಇಷ್ಟೇ: ತಲೆಯಲ್ಲಿರುವ 1 ಅನ್ನು ಕಿತ್ತು ಬಾಲಕ್ಕೆ ಇಟ್ಟೆ. 10 ಎಂದರೆ 1010. ತಲೆಯ 1 ಬಾಲಕ್ಕೆ ಹೋದರೆ 0101, ಅಂದರೆ 5. ಹೀಗೆ ಬಂದ ಸಾಲು 1, 1, 3, 1, 3, 5, 7, 1, 3, 5, 7, 9, 11, 13, 15, ಮತ್ತೆ 1. ಬೆಸ ಸಂಖ್ಯೆಗಳು ಮೆಟ್ಟಿಲು ಹತ್ತಿದ ಹಾಗೆ ಹತ್ತಿ, 2, 4, 8, 16 ಬಂದಲ್ಲೆಲ್ಲ ಧೊಪ್ಪೆಂದು ಒಂದಕ್ಕೆ ಬೀಳುತ್ತವೆ.

ಈಗ ಬೈನರಿಯನ್ನು ಪೂರ್ತಿ ಮರೆತುಬಿಡು. ನೀನು ಚಿಕ್ಕವಳಿದ್ದಾಗ ಇದೇ ಜಗಲಿಯ ಮೇಲೆ ಅವಲಕ್ಕಿ ಪವಲಕ್ಕಿ ಆಡುತ್ತಿದ್ದಿರಲ್ಲ, ಎಣಿಸುತ್ತ ಹೋಗಿ ಮಾತು ಮುಗಿದ ಕಡೆ ಇದ್ದವರ ಕೈ ಹೊರಗೆ. ಅದನ್ನೇ ಸರಳ ಮಾಡೋಣ. ಹತ್ತು ಮಕ್ಕಳು ಸುತ್ತ ಕೂತಿದ್ದಾರೆ. ಒಬ್ಬರನ್ನು ಬಿಟ್ಟು ಒಬ್ಬರು ಔಟ್. ಮೊದಲ ಸುತ್ತಿನಲ್ಲಿ 2, 4, 6, 8, 10 ಎದ್ದುಹೋಗುತ್ತಾರೆ. ಉಳಿದವರು 1, 3, 5, 7, 9. ಮುಂದುವರಿಸಿದರೆ 3 ಔಟ್, 7 ಔಟ್, 1 ಔಟ್, 9 ಔಟ್. ಕೊನೆಗೆ ಉಳಿದವನು ಐದನೆಯವನು. ನಿನ್ನ ಕಾಲಮ್ಮಿನಲ್ಲಿ ಹತ್ತರ ಎದುರಿಗೆ ಇರುವುದೂ ಐದೇ! ಎಷ್ಟೇ ಮಕ್ಕಳನ್ನು ಕೂರಿಸು, ಉಳಿಯುವವನ ಸ್ಥಾನ ನಿನ್ನ ಎರಡನೇ ಕಾಲಮ್ಮಿನಲ್ಲಿದೆ.

ಗಣಿತದಲ್ಲಿ ಇದಕ್ಕೆ ಜೋಸೆಫಸ್ ಸಮಸ್ಯೆ ಎಂದು ಹೆಸರು. ಕ್ರಿ.ಶ. 67ರಲ್ಲಿ ರೋಮನ್ನರು ಯೋದ್‌ಫತ್ ಎಂಬ ಯಹೂದಿ ಕೋಟೆಯನ್ನು ಹಿಡಿದಾಗ, ಅಲ್ಲಿನ ಸೇನಾನಿ ಜೋಸೆಫಸ್ 40 ಜನರ ಜೊತೆ ಗುಹೆಯೊಂದರಲ್ಲಿ ಅಡಗಿದ್ದ. ಶರಣಾಗುವುದಕ್ಕಿಂತ ಒಬ್ಬರನ್ನೊಬ್ಬರು ಕೊಂದುಕೊಂಡು ಸಾಯೋಣ ಎಂದು ಉಳಿದವರು ಹಟ ಹಿಡಿದರು. ಚೀಟಿ ಎತ್ತಿದರು, ಒಬ್ಬೊಬ್ಬರಾಗಿ ಸತ್ತರು, ಕೊನೆಗೆ ಜೋಸೆಫಸ್ ಮತ್ತು ಇನ್ನೊಬ್ಬ ಉಳಿದರು. ಅವನು ರೋಮನ್ನರಿಗೆ ಶರಣಾಗಿ, ಮುಂದೆ ದೊಡ್ಡ ಇತಿಹಾಸಕಾರನಾದ. ಈ ಕತೆಯನ್ನು ಬರೆದವನೂ ಅವನೇ, ಆದ್ದರಿಂದ ಎಷ್ಟು ನಂಬಬೇಕೋ ಅಷ್ಟು ನಂಬು. ಸುತ್ತ ಕೂತು ಪ್ರತಿ ಮೂರನೆಯವನನ್ನು ಕೊಲ್ಲುತ್ತ ಹೋದರು ಎಂಬುದು ಆಮೇಲಿನವರು ಕಟ್ಟಿದ್ದು. ಆ ಲೆಕ್ಕದಲ್ಲಿ 41 ಜನರಲ್ಲಿ ಕೊನೆಗೆ ಉಳಿಯುವ ಜಾಗ 31ನೆಯದು. ಒಬ್ಬನನ್ನು ಬಿಟ್ಟು ಒಬ್ಬನನ್ನು ಎಂದಿದ್ದರೆ? 41 ಎಂದರೆ 101001. ತಲೆಯ 1 ಬಾಲಕ್ಕೆ: 010011. ಹತ್ತೊಂಬತ್ತು. ಪ್ರಾಣ ಉಳಿಸಿಕೊಳ್ಳುವ ಜಾಗ ಹುಡುಕುವುದಕ್ಕೆ ಇದಕ್ಕಿಂತ ಚುರುಕಾದ ಉಪಾಯ ಇಲ್ಲ, ಮಾರಾಯ್ತಿ.

ಯಾಕೆ ಹೀಗೆ ಎಂದು ನೋಡದೆ ಬಿಡಬಾರದು. ಜನ ಸರಿಯಾಗಿ 8 ಇದ್ದರೆ ಒಂದು ಸುತ್ತಿಗೆ ಅರ್ಧ ಜನ ಹೋಗಿ 4, ಮತ್ತೊಂದು ಸುತ್ತಿಗೆ 2, ಆಮೇಲೆ 1. ಪ್ರತಿ ಸಲವೂ ಎಣಿಕೆ ಮೊದಲನೆಯವನಿಂದಲೇ ಶುರುವಾಗುವುದರಿಂದ ಅವನಿಗೆ ಪೆಟ್ಟು ಬೀಳುವುದೇ ಇಲ್ಲ. ಹತ್ತು ಜನ ಇದ್ದರೆ ಎಂಟಕ್ಕಿಂತ ಇಬ್ಬರು ಹೆಚ್ಚು. ಆ ಇಬ್ಬರು ಹೋಗುವವರೆಗೆ ಕಾದುನೋಡು: 2 ಹೋದ, 4 ಹೋದ, ಈಗ ಸರದಿ ಐದನೆಯವನದು, ಉಳಿದವರು ಸರಿಯಾಗಿ ಎಂಟು. ಅಂದರೆ ಈಗ ಐದನೆಯವನೇ 'ಮೊದಲನೆಯವನು', ಅವನೇ ಉಳಿಯುತ್ತಾನೆ. ಲೆಕ್ಕ ಇಷ್ಟೇ: ಸಂಖ್ಯೆಯೊಳಗೆ ಹಿಡಿಯುವ ಎರಡರ ಘಾತಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕಳೆ, ಉಳಿದದ್ದನ್ನು ಎರಡರಿಂದ ಗುಣಿಸು, ಒಂದು ಕೂಡು. ಬೈನರಿಯಲ್ಲಿ ಘಾತವನ್ನು ಕಳೆಯುವುದು ಎಂದರೆ ತಲೆಯ 1 ಕೀಳುವುದು. ಎರಡರಿಂದ ಗುಣಿಸುವುದು ಎಂದರೆ ಎಲ್ಲರೂ ಎಡಕ್ಕೆ ಒಂದು ಮನೆ ಸರಿಯುವುದು. ಒಂದು ಕೂಡುವುದು ಎಂದರೆ ಖಾಲಿಯಾದ ಬಾಲದಲ್ಲಿ 1 ಇಡುವುದು. ನೀನು ಆಟಕ್ಕೆಂದು ಮಾಡಿದ ಅದಲುಬದಲು ಈ ಮೂರು ಕೆಲಸವನ್ನು ಒಂದೇ ಏಟಿಗೆ ಮುಗಿಸುತ್ತದೆ.

ಬಂದ ಉತ್ತರದ ಮೇಲೆ ಮತ್ತೆ ಮತ್ತೆ ಇದನ್ನೇ ಮಾಡುತ್ತ ಹೋಗು. 100, ಆಮೇಲೆ 73, ಆಮೇಲೆ 19, ಆಮೇಲೆ 7. ಅಲ್ಲಿಗೆ ನಿಂತಿತು. ಮುಂಚೂಣಿಗೆ ಬಂದ ಸೊನ್ನೆಗಳೆಲ್ಲ ಉದುರಿಹೋಗಿ, 100ರಲ್ಲಿದ್ದ ಮೂರು 1ಗಳು ಮಾತ್ರ ಉಳಿದು 111 ಆದವು. ಇದನ್ನು ಗ್ರಹಾಂ, ಕ್ನೂತ್, ಪತಾಶ್ನಿಕ್ ಮೂವರೂ ಸೇರಿ ಬರೆದ 'ಕಾಂಕ್ರೀಟ್ ಮ್ಯಾಥಮ್ಯಾಟಿಕ್ಸ್' ಪುಸ್ತಕದ ಮೊದಲ ಅಧ್ಯಾಯದಲ್ಲೇ ಓದಬಹುದು. ನಿನ್ನ ಕಾಲೇಜಿನ ಲೈಬ್ರರಿಯಲ್ಲಿ ಇದ್ದೇ ಇರುತ್ತದೆ.

ಮೂರನೇ ಕಾಲಮ್ಮಿಗೆ ಬರೋಣ. ಅಲ್ಲಿ ಅಂಕಿಗಳನ್ನು ಹಿಂದುಮುಂದಾಗಿ ಓದಿದ್ದೀಯ. ನನಗೆ ಇದು ಎಲ್ಲಕ್ಕಿಂತ ಹೆಚ್ಚು ಪ್ರೀತಿಯದು. ಸೊನ್ನೆಯಿಂದ ಏಳರವರೆಗೆ ಮಾತ್ರ ತೆಗೆದುಕೋ, ಎಲ್ಲವನ್ನೂ ಮೂರು ಮನೆಯಲ್ಲಿ ಬರೆದು ತಿರುಗಿಸು. 001 ತಿರುಗಿ 100, 011 ತಿರುಗಿ 110. ಬರುವ ಸಾಲು 0, 4, 2, 6, 1, 5, 3, 7. ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದೆ ಓದು.

ಹೈಸ್ಕೂಲಿನಲ್ಲಿ ಅಕ್ಷರಗಣ ಉರು ಹೊಡೆದದ್ದು ನೆನಪಿದೆಯಾ? ಮ, ಯ, ರ, ಸ, ತ, ಜ, ಭ, ನ. ಪ್ರಸ್ತಾರ ಹಾಕಲು ಹೇಳಿದರೆ ನೀವೆಲ್ಲ ಪದ್ಯಕ್ಕೆ ಲಘು ಗುರು ಗುರುತು ಹಾಕುತ್ತೀರಿ. ಛಂದಶ್ಶಾಸ್ತ್ರದಲ್ಲಿ ಪ್ರಸ್ತಾರ ಎಂದರೆ ಇನ್ನೂ ದೊಡ್ಡ ಕೆಲಸ. ಇಷ್ಟು ಅಕ್ಷರದ ಪಾದದಲ್ಲಿ ಲಘು ಗುರುಗಳು ಎಷ್ಟು ಬಗೆಯಲ್ಲಿ ಬರಬಹುದೋ ಅಷ್ಟನ್ನೂ, ಒಂದೂ ತಪ್ಪದಂತೆ, ಒಂದೂ ಎರಡು ಸಲ ಬರದಂತೆ ಬರೆಯುವ ವಿಧಾನ. ಎರಡು ಸಾವಿರ ವರ್ಷಕ್ಕೂ ಹಿಂದಿನವನೆಂದು ವಿದ್ವಾಂಸರು ಹೇಳುವ ಪಿಂಗಳನ ಸೂತ್ರಗಳಲ್ಲಿ ಇದರ ಮೂಲ ಇದೆ. ನಮ್ಮ ಒಂದನೇ ನಾಗವರ್ಮ ಹತ್ತನೇ ಶತಮಾನದ ಕೊನೆಗೆ ಬರೆದ 'ಛಂದೋಂಬುಧಿ'ಯಲ್ಲೂ ಇದರ ಮಾತು ಬರುತ್ತದೆ. ವಿಧಾನ ಹೀಗೆ. ಮೊದಲ ಸಾಲಿನಲ್ಲಿ ಎಲ್ಲವೂ ಗುರು. ಕೆಳಗಿನ ಸಾಲು ಬರೆಯಬೇಕಾದರೆ ಮೇಲಿನ ಸಾಲಿನಲ್ಲಿ ಎಡದಿಂದ ಮೊದಲು ಸಿಕ್ಕ ಗುರುವಿನ ಕೆಳಗೆ ಲಘು ಹಾಕು. ಅದರ ಬಲಗಡೆ ಇರುವುದನ್ನು ಮೇಲಿದ್ದಂತೆಯೇ ಇಳಿಸು. ಎಡಗಡೆ ಖಾಲಿ ಉಳಿದದ್ದಕ್ಕೆಲ್ಲ ಗುರು ತುಂಬು.

ಮೂರು ಅಕ್ಷರಕ್ಕೆ ಮಾಡಿ ನೋಡು. ಗುರು-ಗುರು-ಗುರು, ಅದು ಮಗಣ. ಮೊದಲ ಗುರುವಿನ ಕೆಳಗೆ ಲಘು: ಲಘು-ಗುರು-ಗುರು, ಯಗಣ. ಈಗ ಮೊದಲು ಸಿಗುವ ಗುರು ನಡುವಿನದು. ಅದರ ಕೆಳಗೆ ಲಘು, ಎಡಕ್ಕೆ ಗುರು ತುಂಬಿದರೆ ಗುರು-ಲಘು-ಗುರು, ರಗಣ. ಆಮೇಲೆ ಲಘು-ಲಘು-ಗುರು, ಸಗಣ. ಹೀಗೇ ನಗಣದವರೆಗೆ. ಮ ಯ ರ ಸ ತ ಜ ಭ ನ ಎಂಬ ಕ್ರಮ ಬಂದದ್ದು ಇಲ್ಲಿಂದಲೇ, ಯಾರೋ ಬಾಯಿಗೆ ಬಂದಂತೆ ಜೋಡಿಸಿದ್ದಲ್ಲ. ಈಗ ಗುರುವಿಗೆ 0, ಲಘುವಿಗೆ 1 ಹಾಕಿ ಎಡದಿಂದ ಬಲಕ್ಕೆ ಓದು. ಮಗಣ 000, ಯಗಣ 100, ರಗಣ 010, ಸಗಣ 110, ತಗಣ 001, ಜಗಣ 101, ಭಗಣ 011, ನಗಣ 111. ಸಂಖ್ಯೆಯಲ್ಲಿ ಹೇಳಿದರೆ 0, 4, 2, 6, 1, 5, 3, 7. ಚೀಟಿ ತೆಗೆದು ನೋಡಿಕೊ.

ನಾವು ಎಣಿಸುವಾಗ ಬಿಡಿಸ್ಥಾನ ಬಲತುದಿಯಲ್ಲಿರುತ್ತದೆ, ದಶಕ ಎಡಕ್ಕೆ ಹೋಗುತ್ತದೆ. ಛಂದಸ್ಸಿನವರು ಎಡತುದಿಯಿಂದ ಬದಲಿಸುತ್ತ ಹೋದರು. ಅಷ್ಟೇ ವ್ಯತ್ಯಾಸ. ಆದ್ದರಿಂದ ಅವರ ಪಟ್ಟಿ ನಮ್ಮ ಬೈನರಿ ಎಣಿಕೆಯ ಹಿಂದುಮುಂದು ರೂಪವಾಯಿತು.

ಇದೇ ಸಾಲು ಇನ್ನೊಂದು ಕಡೆ ಕೂತಿದೆ, ಅದು ನಿನ್ನ ಕೈಯಲ್ಲಿರುವ ಫೋನು. ಅಲೆಯೊಂದನ್ನು ಅದರ ಬೇರೆಬೇರೆ ಶ್ರುತಿಗಳಾಗಿ ಬಿಡಿಸುವುದಕ್ಕೆ ಫೂರಿಯೇ ಪರಿವರ್ತನೆ ಎನ್ನುತ್ತಾರೆ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಅದನ್ನು ಬೇಗ ಮಾಡುವ ವಿಧಾನ ಪ್ರಕಟಿಸಿದರು. ನೀವು ಎಫ್‌ಎಫ್‌ಟಿ ಎಂದು ಕಲಿಯುವುದು ಅದನ್ನೇ. ವೈಫೈ, 4ಜಿ ಎಲ್ಲ ಅದರ ಮೇಲೆ ನಿಂತಿವೆ. ಆ ವಿಧಾನದ ಗುಟ್ಟು ಏನೆಂದರೆ, ಸಮಸ್ಥಾನದ ಅಳತೆಗಳನ್ನು ಒಂದು ಕಡೆ, ಬೆಸಸ್ಥಾನದವನ್ನು ಇನ್ನೊಂದು ಕಡೆ ಹಾಕಿ, ಅರ್ಧರ್ಧ ಕೆಲಸ ಮಾಡಿ ಆಮೇಲೆ ಕೂಡಿಸುವುದು. ಎಂಟು ಅಳತೆಗಳಿದ್ದರೆ 0, 2, 4, 6 ಒಂದು ಗುಂಪು, 1, 3, 5, 7 ಇನ್ನೊಂದು. ಪ್ರತಿ ಗುಂಪನ್ನೂ ಮತ್ತೆ ಹಾಗೇ ಒಡೆದರೆ 0 ಮತ್ತು 4, 2 ಮತ್ತು 6, 1 ಮತ್ತು 5, 3 ಮತ್ತು 7. ಸಾಲಾಗಿ ಓದು: ಮ ಯ ರ ಸ ತ ಜ ಭ ನ! ಸಮ-ಬೆಸ ಎಂದು ವಿಂಗಡಿಸುವುದೆಂದರೆ ಬಾಲದ ಬಿಟ್ಟನ್ನು ಮೊದಲು ನೋಡುವುದು, ಆಮೇಲೆ ಅದರ ಹಿಂದಿನದು, ಆಮೇಲೆ ತಲೆಯದು. ಹಿಂದುಮುಂದಾಗದೆ ಇನ್ನೇನಾಗಬೇಕು?

ಇದನ್ನು ಓದಿ, ಪಿಂಗಳನೇ ಎಫ್‌ಎಫ್‌ಟಿ ಕಂಡುಹಿಡಿದ ಎಂದು ಯಾರಿಗೂ ಫಾರ್ವರ್ಡ್ ಮಾಡಬೇಡ. ಮಾಡಿದರೆ ನಾನು ನಿನ್ನ ಅಜ್ಜ ಅಲ್ಲ. ಅವನಿಗೆ ಬೇಕಾಗಿದ್ದದ್ದು ಛಂದಸ್ಸಿನ ವೃತ್ತಗಳ ಪಟ್ಟಿ, ಇವರಿಗೆ ಬೇಕಾಗಿದ್ದದ್ದು ಬೇಗ ಮುಗಿಯುವ ಲೆಕ್ಕ. ಕೂಲಿ-ಟ್ಯೂಕಿಯವರ ಉಪಾಯವನ್ನು ಜರ್ಮನಿಯ ಗೌಸ್ 1805ರ ಸುಮಾರಿಗೇ ಬರೆದಿಟ್ಟಿದ್ದ, ಅವನು ಸತ್ತ ಮೇಲೆ 1866ರಲ್ಲಿ ಅಚ್ಚಾಯಿತು ಎಂಬುದೂ ಆಮೇಲೆ ತಿಳಿದ ಸಂಗತಿ. ಯಾರು ಮೊದಲು ಎಂಬ ಜಗಳದಲ್ಲಿ ನನಗೆ ರುಚಿ ಇಲ್ಲ. ಸೊನ್ನೆ-ಒಂದುಗಳನ್ನು ಕ್ರಮವಾಗಿ ಜೋಡಿಸಲು ಹೊರಟವರು ಪದ್ಯ ಕಟ್ಟುವವರಾದರೂ ಯಂತ್ರ ಕಟ್ಟುವವರಾದರೂ ಒಂದೇ ಸಾಲಿಗೆ ಬಂದು ತಲುಪಿದರು ಎಂಬುದು ನನಗೆ ಸಾಕು.

ನಾಲ್ಕನೇ ಕಾಲಮ್ಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ಮನೆಗಳಲ್ಲಿ ಎರಡು 1ಗಳನ್ನು ಎಲ್ಲ ಬಗೆಯಲ್ಲೂ ಇಟ್ಟು 3, 5, 6, 9, 10, 12, 17, 18, 20, 24 ಎಂದು ಬರೆದಿದ್ದೀಯ. ಒಟ್ಟು ಹತ್ತು. ಐದು ಅಕ್ಷರದ ಪಾದದಲ್ಲಿ ಎರಡು ಲಘು ಬರುವ ಬಗೆಗಳೆಷ್ಟು ಎಂದು ಛಂದಸ್ಸಿನವರು ಕೇಳುತ್ತಿದ್ದದ್ದೂ ಇದೇ ಪ್ರಶ್ನೆ, ಅದಕ್ಕೆ ಅವರು ಲಗಕ್ರಿಯೆ ಎನ್ನುತ್ತಿದ್ದರು. ಉತ್ತರಕ್ಕೆ ಹತ್ತನೇ ಶತಮಾನದ ಹಲಾಯುಧ ವಿವರಿಸಿದ ಮೇರುಪ್ರಸ್ತಾರ ಇದೆ, ನೀವು ಪಾಸ್ಕಲ್ ತ್ರಿಕೋನ ಎಂದು ಓದಿದ್ದೀರಿ. ಒಂದು ಸಂಖ್ಯೆಯಿಂದ ಮುಂದಿನದಕ್ಕೆ ನೇರ ಹಾರುವ ಉಪಾಯ ಮಾತ್ರ ಹೊಸದು. ಬಲದಿಂದ ಹುಡುಕಿದಾಗ ಮೊದಲು ಸಿಗುವ 01 ಅನ್ನು 10 ಮಾಡು, ಅದರ ಬಲಕ್ಕಿರುವ 1ಗಳನ್ನೆಲ್ಲ ತುದಿಗೆ ತಳ್ಳು. 01100 ಇದ್ದದ್ದು 10001 ಆಯಿತು, ಹನ್ನೆರಡರಿಂದ ಹದಿನೇಳು. ಗಾಸ್ಪರ್ ಎಂಬ ಪ್ರೋಗ್ರಾಮರ್ ಇದನ್ನು ಯಂತ್ರಕ್ಕೆ ಕೆಲವೇ ಆಜ್ಞೆಗಳಲ್ಲಿ ಹೇಳಿಕೊಟ್ಟ. 1972ರ ಎಂಐಟಿ ಟಿಪ್ಪಣಿಗಳಲ್ಲಿ ಅದು ಇದೆ.

ಐದನೇ ಕಾಲಮ್ಮು ನೋಡಿ ನನಗೆ ಕಾಪ್ರೇಕರ್ ನೆನಪಾದರು. ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು. ನಾಲ್ಕು ಅಂಕಿಯ ಸಂಖ್ಯೆ ತೆಗೆದುಕೊಂಡು, ಅಂಕಿಗಳನ್ನು ಇಳಿಕೆಯಲ್ಲಿ ಬರೆದು, ಅದರಿಂದ ಏರಿಕೆಯಲ್ಲಿ ಬರೆದದ್ದನ್ನು ಕಳೆಯುತ್ತ ಹೋದರೆ ಕೊನೆಗೆ 6174ಕ್ಕೇ ಬಂದು ನಿಲ್ಲುತ್ತದೆ ಎಂದು ತೋರಿಸಿದವರು. 3524 ಇಟ್ಟರೆ 3087, 8352, 6174. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೇ ಷರತ್ತು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್'ನಲ್ಲಿ ಬರೆದ ಮೇಲೆ ಹೊರದೇಶಗಳಲ್ಲಿ ಅವರ ಹೆಸರು ಹರಡಿತು. ದಶಮಾನದಲ್ಲಿ ಇದಕ್ಕೆ ಏಳು ಹೆಜ್ಜೆಯವರೆಗೂ ಬೇಕಾಗುತ್ತದೆ. ನೀನು ಬೈನರಿಯಲ್ಲಿ ಮಾಡಿದ್ದೀಯ, ಒಂದೇ ಹೆಜ್ಜೆಗೆ ನಿಂತುಬಿಟ್ಟಿದೆ, ಪ್ರೋಗ್ರಾಮಿನಲ್ಲಿ ತಪ್ಪಿದೆಯೇ ಎಂದು ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿದ್ದೀಯ.

ತಪ್ಪಿಲ್ಲ. ಕಾಗದದ ಮೇಲೆ ಮಾಡಿ ನೋಡಿದೆ. ಐದು ಮನೆ, ಎರಡು 1, ಮೂರು ಸೊನ್ನೆ: 11000ದಿಂದ 00011 ಕಳೆದರೆ 24ರಲ್ಲಿ 3 ಹೋಗಿ 21. ಅದು 10101, ಈಗ ಮೂರು 1ಗಳಾದವು. ಮತ್ತೆ ಮಾಡು: 11100ದಿಂದ 00111, ಅಂದರೆ 28ರಲ್ಲಿ 7 ಹೋಗಿ ಮತ್ತೆ 21. ಯಾಕೆಂದರೆ 24 ಎಂದರೆ ಎಂಟು ಮೂರ್ಲೆ, ಒಂದು ಮೂರು ಕಳೆದರೆ ಏಳು ಮೂರ್ಲೆ. 28 ಎಂದರೆ ನಾಲ್ಕು ಏಳ್ಲೆ, ಒಂದು ಏಳು ಕಳೆದರೆ ಮೂರು ಏಳ್ಲೆ. ಎರಡು 1ಗಳಿಂದ 3 ಬರುತ್ತದೆ, ಮೂರು ಸೊನ್ನೆಗಳ ಜಾಗದಿಂದ 7 ಬರುತ್ತದೆ, ಇವನ್ನು ಗುಣಿಸಿದ್ದೇ ಉತ್ತರ. ಸೊನ್ನೆ-ಒಂದುಗಳ ಎಣಿಕೆ ಅದಲುಬದಲಾದರೂ ಗುಣಲಬ್ಧ ಅದೇ. ಉತ್ತರದಲ್ಲಿ ಬರುವ 1ಗಳ ಎಣಿಕೆ ಯಾವಾಗಲೂ ಆ ಎರಡರಲ್ಲಿ ದೊಡ್ಡದಕ್ಕೇ ಸಮ. ಅದು ಯಾಕೆ ಎಂಬುದನ್ನು ನೀನು ಮಾಡಿ ಕಳಿಸು. ನಾನು ಮಾಡಿಟ್ಟಿದ್ದೇನೆ, ಹೇಳುವುದಿಲ್ಲ.

ಇನ್ನೊಂದು ವಿಷಯದಲ್ಲಿ ಹುಷಾರು. ಅಂಚಿನಲ್ಲಿ ಪೆನ್ಸಿಲಿನಿಂದ '11 ತಿರುಗಿಸಿದರೆ 13, 23 ತಿರುಗಿಸಿದರೆ 29, 37 ತಿರುಗಿಸಿದರೆ 41, ಎಲ್ಲ ಅವಿಭಾಜ್ಯ!' ಎಂದು ಬರೆದಿದ್ದೀಯ. ನಡುವೆ 19 ಇದೆಯಲ್ಲ, 10011. ತಿರುಗಿಸಿದರೆ 11001, ಅಂದರೆ 25. ಬೇಕಾದದ್ದು ಮಾತ್ರ ಕಣ್ಣಿಗೆ ಬೀಳುವ ವಯಸ್ಸು ನಿನ್ನದು. ನನ್ನ ವಯಸ್ಸಿಗೂ ಅದು ಪೂರ್ತಿ ಹೋಗಿಲ್ಲ ಬಿಡು.

ಕೈಯಲ್ಲಿ ಮಾಡಲು ಒಂದು ಒಳ್ಳೆಯ ಲೆಕ್ಕ ಕೊಡುತ್ತೇನೆ. ಸಂಖ್ಯೆಯನ್ನು ತಿರುಗಿಸಿ ಅದಕ್ಕೇ ಕೂಡುವುದು, ಎರಡು ಕಡೆಯಿಂದಲೂ ಒಂದೇ ಥರ ಓದಿಸಿಕೊಳ್ಳುವ ಸಂಖ್ಯೆ ಬಂದರೆ ನಿಲ್ಲಿಸುವುದು. ದಶಮಾನದಲ್ಲಿ 196ರಿಂದ ಹೊರಟರೆ ಅಂಥ ಸಂಖ್ಯೆ ಎಂದಾದರೂ ಬರುತ್ತದೆಯೇ ಇಲ್ಲವೇ ಎಂದು ಇವತ್ತಿಗೂ ಯಾರೂ ಸಾಧಿಸಿಲ್ಲ. ಕಂಪ್ಯೂಟರುಗಳು ಕೋಟಿಗಟ್ಟಲೆ ಅಂಕಿಗಳವರೆಗೆ ಹೋಗಿ ಬರಿಗೈಯಲ್ಲಿ ಬಂದಿವೆ. ಬೈನರಿಯಲ್ಲಿ 22ರಿಂದ ಹೊರಡು. 10110ಕ್ಕೆ 01101 ಕೂಡಿದರೆ 35, ಆಮೇಲೆ 84, 105, ನಾಲ್ಕನೇ ಹೆಜ್ಜೆಗೆ 180. ಅದು 10110100. ಇನ್ನು ನಾಲ್ಕು ಹೆಜ್ಜೆಗೆ 744, ಅದು 1011101000. ಎರಡನ್ನೂ ಒಂದರ ಕೆಳಗೊಂದು ಬರೆದು ನೋಡು: ಮುಂದೆ 10, ನಡುವೆ 1ಗಳ ಸಾಲು, ಆಮೇಲೆ 01, ಕೊನೆಗೆ ಸೊನ್ನೆಗಳ ಸಾಲು. ನಾಲ್ಕು ಹೆಜ್ಜೆಗೊಮ್ಮೆ ಒಂದು 1, ಒಂದು 0 ಹೆಚ್ಚುತ್ತವೆ, ಆಕಾರ ಮಾತ್ರ ಅದೇ. ಆದ್ದರಿಂದ ಅದು ಎಂದೂ ನಿಲ್ಲುವುದಿಲ್ಲ ಎಂಬುದಕ್ಕೆ ಪಕ್ಕಾ ಸಾಧನೆ ಇದೆ. ಹತ್ತು ಅಂಕಿಗಳ ಲೋಕದಲ್ಲಿ ಎಲ್ಲರನ್ನೂ ಸತಾಯಿಸುವ ಪ್ರಶ್ನೆ ಎರಡೇ ಅಂಕಿಗಳ ಲೋಕದಲ್ಲಿ ಒಂದು ಸಂಜೆಯ ಕೆಲಸ. ಬೈನರಿಯನ್ನು ನಾನು ಇಷ್ಟಪಡುವುದು ಕಂಪ್ಯೂಟರಿನಿಂದಾಗಿ ಅಲ್ಲ, ಇದಕ್ಕಾಗಿ.

ನಿನ್ನ ಉಳಿದ ಸಾಲುಗಳು ಬೇರೆ ಯಾವ ದಾರಿಯಲ್ಲಿ ಬರುತ್ತವೆ ಎಂದು ನನಗೊಬ್ಬನಿಗೆ ಹೇಳಲಾಗದು. ಅದಕ್ಕೆ ನೀಲ್ ಸ್ಲೋನ್ ಇದ್ದಾರೆ. 1964ರಲ್ಲಿ ಅವರು ಅಮೆರಿಕದ ಕಾರ್ನೆಲ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ 1, 8, 78, 944 ಎಂದು ಹೋಗುವ ಸಾಲೊಂದು ಎದುರಾಯಿತು. ಮುಂದಿನ ಸಂಖ್ಯೆಗಳು ಬೇಕಿದ್ದವು, ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಸಿಕ್ಕಸಿಕ್ಕ ಸಾಲುಗಳನ್ನೆಲ್ಲ ಕಾರ್ಡುಗಳ ಮೇಲೆ ಬರೆದಿಡತೊಡಗಿದರು. 1973ರಲ್ಲಿ ಅದು 2372 ಸಾಲುಗಳ ಪುಸ್ತಕವಾಯಿತು, 1996ರಲ್ಲಿ ಇಂಟರ್‌ನೆಟ್ಟಿಗೆ ಬಂತು, ಈಗ ಮೂರೂವರೆ ಲಕ್ಷಕ್ಕೂ ಹೆಚ್ಚು ಸಾಲುಗಳಿವೆ. ಓಇಐಎಸ್ ಎಂದು ಹುಡುಕು. ನಿನ್ನ ಎರಡನೇ ಕಾಲಮ್ಮು ಅಲ್ಲಿ ಎ006257, ತಿರುಗಿಸಿದ್ದು ಎ030101, ಆದರೆ ಅಲ್ಲಿ ಮುಂದಿನ ಸೊನ್ನೆ ತುಂಬದೆ ತಿರುಗಿಸಿದ್ದಾರೆ, ಗಮನಿಸು. ಮೊದಲ ಎಂಟು-ಹತ್ತು ಸಂಖ್ಯೆ ಹಾಕಿದರೆ, ಅದೇ ಸಾಲಿಗೆ ಬೇರೆ ಯಾರು ಎಲ್ಲಿಂದ ಬಂದು ಮುಟ್ಟಿದರು ಎಂಬುದೆಲ್ಲ ತೆರೆದುಕೊಳ್ಳುತ್ತದೆ. ಆದರೆ ಕೈಯಲ್ಲಿ ಹದಿನಾರರವರೆಗಾದರೂ ಬರೆದು, ಸ್ವಲ್ಪ ತಲೆ ಕೆರೆದುಕೊಂಡ ಮೇಲೆ ಹುಡುಕು. ಮೊದಲೇ ಹುಡುಕಿದರೆ ಅದು ಬರೀ ಮಾಹಿತಿ.

ದೀಪಾವಳಿಗೆ ಬರುತ್ತೀಯಲ್ಲ. ಅಷ್ಟರೊಳಗೆ, ಪ್ರತಿ ಮೂರನೆಯವನು ಔಟ್ ಆಗುವ ಆಟವನ್ನು ಮೂರರ ಮಾನದಲ್ಲಿ, ಅಂದರೆ 0, 1, 2 ಮಾತ್ರ ಬಳಸಿ ಬರೆದು ನೋಡು. ತಲೆಯದನ್ನು ಬಾಲಕ್ಕಿಡುವಷ್ಟು ಸಲೀಸಾಗಿ ಅದು ಬಗ್ಗುವುದಿಲ್ಲ. ಎಲ್ಲಿ ಹಟ ಮಾಡುತ್ತದೆ ಎಂದು ಗುರುತು ಹಾಕಿಕೊಂಡು ಬಾ, ಇಬ್ಬರೂ ಕೂತು ನೋಡೋಣ. ನಿನ್ನ ಅಜ್ಜಿ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ತೆಗೆದಿಟ್ಟಿದ್ದಾಳೆ, ಹಾಸ್ಟೆಲಿಗೆ ಒಯ್ಯಲು ಸಣ್ಣ ಡಬ್ಬ ತರಬೇಕಂತೆ.

ಇಂತು ನಿನ್ನ
ಅಜ್ಜ